ಎಲ್ಲಿ ಬಗ್ಗುತ್ತದೆ

ಮೊದಲ ಪೆಟ್ಟಿಗೆ ಮೂರು ಮಿಲಿಮೀಟರ್ ಪ್ಲೈವುಡ್ಡಿನದು.
ಚೆಂದಕ್ಕೇನೂ ಕಮ್ಮಿಯಿರಲಿಲ್ಲ.
ಗ ಒತ್ತಿದರೆ ನಡು ಕುಗ್ಗಿ
ಪಕ್ಕದ ಹ ತಾನೂ ಬಂದು ಕೂರುತ್ತಿತ್ತು.
‘ಗಂಗಾಧರ ತಾಂಡೇಲ, ಬಾಕಿ ಎಂಟುನೂರು’ —
ಬರೆಯಹೋದರೆ ಸಾಲಗಾರನೇ ಬೇರೆಯಾಗುತ್ತಿದ್ದ.
ಒಂದು ಮೂಲೆ ಹಿಡಿದೆತ್ತಿದರೆ
ಪರದೆಯ ತುಂಬ ಹಸಿರು ಗೆರೆ.

ಬೈತಖೋಲ ಬಂದರಿನಲ್ಲಿ ನನ್ನದು ಆರಡಿ ಅಂಗಡಿ.
ಮೀನು ಹುಡುಕುವ ಯಂತ್ರ, ವಯರ್‌ಲೆಸ್, ಜಿಪಿಎಸ್,
ಉಪ್ಪು ತಿಂದು ಮೂಕಾದವನ್ನೆಲ್ಲ ಮಾತಾಡಿಸುವ ಕೆಲಸ.
ಲ್ಯಾಪ್‌ಟಾಪಿನ ಜೀವ ಚೆನ್ನಾಗಿತ್ತು, ಮೈ ಹೋಗಿತ್ತು,
ಕಂಪನಿಯ ಪ್ಲಾಸ್ಟಿಕ್ಕು ಕೀಲಿನ ಬುಡದಲ್ಲಿ ಬಿರಿದು.
ಮೈ ನಾನೇ ಕಟ್ಟುತ್ತೇನೆಂದೆ.
ಜೂನ್; ಟ್ರಾಲರುಗಳೆಲ್ಲ ದಡಕ್ಕೆ ಕಟ್ಟಿಕೊಂಡು ನಿಂತಿದ್ದವು,
ಗಿರಾಕಿಯಿಲ್ಲದ ಎರಡು ತಿಂಗಳು.

ಎರಡನೆಯದಕ್ಕೆ ಆರು ಮಿಲಿಮೀಟರ್ ಹಾಕಿದೆ.
ದಪ್ಪ ಇಮ್ಮಡಿಯಾದರೆ ಬಿಗಿ ಎಂಟು ಮಡಿ:
ಪಾಲಿಟೆಕ್ನಿಕ್ಕಿನ ಪಾಠ ಸುಳ್ಳಾಗಲಿಲ್ಲ,
ಕುಗ್ಗುವುದು ನಿಂತಿತು.
ತಿರುಚುವುದು ನಿಲ್ಲಲಿಲ್ಲ.
ಮೇಲಾಗಿ, ತೊಡೆಯ ಮೇಲಿಟ್ಟುಕೊಂಡರೆ
ಅಕ್ಕನ ಮಗಳು ಕೂತಷ್ಟು ಭಾರ.

ಇನಾಸ್ ಮೇಸ್ತ್ರಿ ಬಂದದ್ದು ಟಾರ್ಚ್ ರಿಪೇರಿಗೆ.
ನಲವತ್ತು ವರ್ಷ ದೋಣಿ ಕಟ್ಟಿದವ, ಎಡಗೈಗೆ ಬೆರಳು ನಾಲ್ಕು.
ಕೇಳದೆಯೇ ಪೆಟ್ಟಿಗೆಯನ್ನು ಎತ್ತಿಕೊಂಡು
ಎದುರುಬದುರು ಮೂಲೆ ಹಿಡಿದು ಹಿಂಡಿದ.
ಕಿರ್ರೆಂದಿತು.
“ಹಲಗೆ ದಪ್ಪ ಮಾಡಿದ್ದೀಯಲ್ಲ ತಂಗೀ,
ನಿನಗೆ ಮರ ಯಾರು ಪುಕ್ಕಟೆ ಕೊಡುತ್ತಾರೆ?”
ಬೀಡಿ ಹಚ್ಚಿ, ಕಡ್ಡಿಪೆಟ್ಟಿಗೆ ನನ್ನ ಕೈಗಿಟ್ಟ.
“ಒಳಗಿನ ತಟ್ಟೆ ಹೊರಗೆ ತೆಗೆ. ತಿರುಚು.”
ತಿರುಚಿತು, ಬಾಡಿದೆಲೆಯ ಹಾಗೆ.
“ಹೊದಿಕೆಯೊಳಗೆ ದೂಡು. ಈಗ ತಿರುಚು.”
ಅದೇ ರಟ್ಟು.
ಹಟ ಹಿಡಿದು ಕೂತಿತು.
ಬಾಯಿ ತೆರೆದದ್ದೆಲ್ಲ ತಿರುಚುತ್ತದೆ, ಎಂದ.
ಟಾರ್ಚಿನ ದುಡ್ಡು ಮಾತ್ರ ಕೊಡಲಿಲ್ಲ.

ಮಧ್ಯಾಹ್ನ ಊಟಕ್ಕೆ ಬೆಳಚಿನ ಪಲ್ಯ.
ಚಿಪ್ಪೊಂದನ್ನು ಹೆಬ್ಬೆರಳಿಂದ ಒತ್ತಿ ನೋಡಿದೆ:
ಮೈತುಂಬ ಗೀರು, ಬೆನ್ನು ಗೂನು,
ಉಗುರಿನಷ್ಟು ತೆಳು, ಬಗ್ಗಲಿಲ್ಲ.
ಇನ್ನೂ ಒತ್ತಿದೆ. ಮುರಿಯಿತು,
ಬಗ್ಗಲಿಲ್ಲ.
ಬಿಗಿ ಬೇರೆ, ಗಟ್ಟಿ ಬೇರೆ ಎಂದು
ಎಡಗೈಯಲ್ಲಿ ಬರೆದಿಟ್ಟೆ ಬಿಲ್ಲಿನ ಬೆನ್ನಿಗೆ.

ಮತ್ತೆ ಮೂರು ಮಿಲಿಮೀಟರಿಗೇ ಇಳಿದೆ.
ತಳಕ್ಕೆ ಅಡ್ಡಡ್ಡ ಐದು ಪಕ್ಕೆಲುಬು,
ಮೇಸ್ತ್ರಿಯ ಕೊಟ್ಟಿಗೆಯಲ್ಲಿ ಉಳಿದಿದ್ದ ಹಲಸಿನ ಸೀಳು;
ಕೈ ಊರುವಲ್ಲಿ ಒತ್ತೊತ್ತು, ಅಂಚಿಗೆ ವಿರಳ.
ಗ-ಹಗಳ ಹೊಟ್ಟೆಯಡಿ ಎರಡು ಮೋಟು ಕಂಬ.
ಕೀಲು ಎಳೆಯುವಲ್ಲಿ ಅಂಗೈಯಗಲ ಸ್ಟೀಲ್ ತಗಡು,
ಒಬ್ಬ ಹೊರುತ್ತಿದ್ದ ಬಲೆಯನ್ನು
ಆರು ಹೆಗಲಿಗೆ ಹಂಚಿದ ಹಾಗೆ.
ಕೆಳಮುಚ್ಚಳಕ್ಕೆ ಹನ್ನೆರಡು ತಿರುಪು.

ಆಮೇಲೆ ನೆನಪಾಯಿತು,
ವಯರು ಹೋಗಲು ದಾರಿಯೇ ಇಲ್ಲ.

ದೋಣಿಯ ಪಕ್ಕೆಲುಬಿಗೂ ತೂತು ಬಿಡುತ್ತೇವೆ, ಎಂದ ಇನಾಸ್,
ಬುಡದಲ್ಲಿ, ಒಳಬಿದ್ದ ನೀರು ಹರಿದು ಒಂದೆಡೆ ಸೇರಲಿ,
ಮೊಗೆದು ಚೆಲ್ಲಬಹುದು.
ಇಲ್ಲಿ ಅವನ ಮಾತು ಮೀರಿದೆ.
ಬುಡಕ್ಕಲ್ಲ, ನಡುವೆತ್ತರಕ್ಕೆ ಕೊರೆದೆ:
ಬಾಗುವಾಗ ಎಳೆತ ಒಂದಂಚಿಗೆ, ಒತ್ತು ಇನ್ನೊಂದಕ್ಕೆ,
ನಡುಗೆರೆಗೆ ಎರಡೂ ಇಲ್ಲ.
ಅವನು ತುಂಬ ಹೊತ್ತು ನೋಡಿದ. ಸರಿ ಎನ್ನಲಿಲ್ಲ.
ನನ್ನದು ತೇಲಬೇಕಲ್ಲ, ಎಂದ.

ಬೋರ್ಡಿಗೆ ನಾಲ್ಕು ತಿರುಪಿನ ಜಾಗ.
ಮೂರನ್ನೇ ಬಿಗಿದೆ.
ನಾಲ್ಕನೆಯ ಕಾಲ ಕೆಳಗೆ ಸೈಕಲ್ ಟ್ಯೂಬಿನ ತುಂಡು.
ಹೊರಮೈ ಎಷ್ಟು ಬಿಗಿದರೂ ಕೂದಲಷ್ಟು ಅಲುಗೀತು,
ಅದು ಬೆಸುಗೆಯವರೆಗೆ ಹೋಗದಿರಲಿ.

ಆಗಸ್ಟ್ ಒಂದು. ಬೆಳಕು ಹರಿಯುವ ಮೊದಲೇ
ಬಂದರಿನಲ್ಲಿ ಇಂಜಿನ್ನುಗಳ ಕೆಮ್ಮು.
ಒಂದೇ ಮೂಲೆ ಹಿಡಿದು ಪೆಟ್ಟಿಗೆ ಎತ್ತಿದೆ. ಗೆರೆಯಿಲ್ಲ.
ಎಡಗಡೆ ಹಿಂದೆ ಎಲ್ಲೋ ಒಂದು ಸಣ್ಣ ಕಿರ್ರು,
ಇದ್ದರೆ ಇರಲಿ.
ಟೈಪು ಮಾಡಿದೆ:
ಗಂಗಾಧರ ತಾಂಡೇಲ, ಬಾಕಿ ಎಂಟುನೂರು.
ಅಕ್ಷರ ಒಂದೊಂದೂ ತನ್ನ ಜಾಗದಲ್ಲಿ ಕೂತಿತು.
ಗಂಗಾಧರ ಮಾತ್ರ ಅಷ್ಟರಲ್ಲಿ
ದೀಪಸ್ತಂಭ ದಾಟಿ ಹೋಗಿಯಾಗಿತ್ತು.